ಸಕ್ಕರೆ ಹೂವಿಗೆ ಕೂಲರ್ ಗಾಳಿ ಬೇಡ

ಕೇಕ್ ಅಲಂಕಾರಕ್ಕೆಂದು ಸಕ್ಕರೆ ಹಿಟ್ಟಿನಿಂದ ಮಾಡುವ ಸಕ್ಕರೆ ಹೂವಿಗೆ ಬಳ್ಳಾರಿಯ ಬಿಸಿಲಿನಲ್ಲೂ ತೇವದ ಭಯವೇ ಎಂದು ಕೇಳುವವರಿದ್ದಾರೆ. ಖಂಡಿತ ಇದೆ. ಹೊರಗಿನ ಗಾಳಿ ಎಷ್ಟೇ ಒಣಗಿರಲಿ, ಒಳಗೆ ಏರ್ ಕೂಲರ್ ತಿರುಗುತ್ತಿರುತ್ತದೆ. ನೆನೆದ ಹುಲ್ಲಿನ ನಡುವೆ ಹಾದು ಬರುವ ಆ ತಂಪು ಗಾಳಿ ನೀರನ್ನು ಹೊತ್ತೇ ಬರುತ್ತದೆ. ಒಂದು ಏಪ್ರಿಲ್‌ನಲ್ಲಿ ಆರತಕ್ಷತೆಗೆಂದು ಮೂರು ದಿನ ಕುಳಿತು ಮಾಡಿದ ಗುಲಾಬಿಗಳನ್ನು ನಾನು ಕೂಲರ್ ಎದುರಿಗೇ ಇಟ್ಟಿದ್ದೆ. ಮೊದಲು ಎಸಳಿನ ಅಂಚು ಎಣ್ಣೆ ಸವರಿದಂತೆ ಹೊಳೆಯಿತು. ಮುಟ್ಟಿದರೆ ಬೆರಳಿಗೆ ಅಂಟಿತು. ಕೇಕ್ ಕತ್ತರಿಸುವ ಹೊತ್ತಿಗೆ ಹೊರಸುತ್ತಿನ ಎಸಳುಗಳು ಒದ್ದೆ ಕಾಗದದಂತೆ ಜೋತುಬಿದ್ದಿದ್ದವು.

ಸಕ್ಕರೆ ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತದೆ. ಗೌರಿ ಹುಣ್ಣಿಮೆಗೆ ಅಚ್ಚಿನಲ್ಲಿ ಸಕ್ಕರೆ ಆರತಿಯ ಗೊಂಬೆ ಎರೆಯುವ ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಮೋಡ ಮುಸುಕಿದರೆ ಗೊಂಬೆ ಬೆವರುತ್ತದೆ. ಹೂವಿನ ಎಸಳು ಅದಕ್ಕಿಂತ ಎಷ್ಟೋ ತೆಳು.

ಕಾಪಾಡುವ ಕೆಲಸ ಹಿಟ್ಟು ನಾದುವಾಗಲೇ ಶುರುವಾಗುತ್ತದೆ. 250 ಗ್ರಾಂ ಫಾಂಡೆಂಟ್‌ಗೆ (ಕೇಕಿಗೆ ಹೊದಿಸುವ ಸಕ್ಕರೆ ಹಿಟ್ಟು) ಅದನ್ನು ಗಟ್ಟಿಯಾಗಿಸುವ ಟೈಲೋಸ್ ಅಥವಾ ಸಿಎಂಸಿ ಪುಡಿಯನ್ನು ಒಂದು ಟೀ ಚಮಚ ಸೇರಿಸಿ ನಾದಿ, ಗಾಳಿಯಾಡದಂತೆ ಮುಚ್ಚಿಡಿ. ಹಿಟ್ಟು ತುಸು ಬಿಗಿಯಾದ ಮೇಲೆ ಎಸಳು ಕತ್ತರಿಸಿ ತೆಗೆಯಿರಿ. ಆದ ಹೂವನ್ನು ಕೂಲರ್ ಇಲ್ಲದ ಕೋಣೆಯಲ್ಲಿ, ಸೀಲಿಂಗ್ ಫ್ಯಾನ್ ಕೆಳಗೆ, ತೊಟ್ಟಿನಂತೆ ಸಿಕ್ಕಿಸಿದ ತಂತಿ ಹಿಡಿದು ತಲೆಕೆಳಗಾಗಿ ನೇತುಹಾಕಿ ಒಂದೆರಡು ದಿನ ಒಣಗಿಸಿ. ಬಣ್ಣದ ಪುಡಿ ಹಚ್ಚಿ ಹಬೆಗೆ ಹಿಡಿದಿದ್ದರೆ ಮತ್ತೆ ಒಣಗಿಸಲೇಬೇಕು. ಹಬೆ ಕೆಲವೇ ಕ್ಷಣ ಸಾಕು.

ಪೂರ್ತಿ ಒಣಗದ ಹೂವನ್ನು ಡಬ್ಬಿಯಲ್ಲಿ ಮುಚ್ಚಬೇಡಿ. ಒಳಗಿನ ತೇವವೇ ಅದನ್ನು ಕೆಡಿಸುತ್ತದೆ. ಅಂಥದ್ದಕ್ಕೆ ರಟ್ಟಿನ ಪೆಟ್ಟಿಗೆಯೇ ಸರಿ. ಚೆನ್ನಾಗಿ ಒಣಗಿದವನ್ನು ಮಾತ್ರ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಹೂವಿಗೆ ತಾಗದಂತೆ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಸಿಲಿಕಾ ಜೆಲ್‌ನ ನೀಲಿ ಹರಳು ಕೊಳ್ಳಬೇಡಿ. ಅದರಲ್ಲಿ ಸಾಮಾನ್ಯವಾಗಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ತಿನ್ನುವ ಪದಾರ್ಥದ ಹತ್ತಿರ ಅದು ಸಲ್ಲದು.

ಗಾಜಿನ ಕಪಾಟಿನಲ್ಲಿ ವಾರಗಟ್ಟಲೆ ಪ್ರದರ್ಶನಕ್ಕಿಡುವುದಾದರೆ ನಿಜವಾದ ಕೇಕ್ ಬೇಡವೇ ಬೇಡ. ಕೇಕ್ ಆಕಾರದ ಥರ್ಮಾಕೋಲ್ ತುಂಡಿಗೆ ಫಾಂಡೆಂಟ್ ಹೊದಿಸಿ, ಅದು ಒಣಗಿದ ಮೇಲೆ ಹೂವು ಕೂರಿಸಿ. ನೇರ ಬಿಸಿಲು ಬೀಳದಿರಲಿ, ಬಣ್ಣ ಮಾಸುತ್ತದೆ.

ತಿನ್ನುವ ಕೇಕ್ ಆದರೆ ತಂತಿಯನ್ನು ನೇರವಾಗಿ ಚುಚ್ಚಬಾರದು. ಸ್ಟ್ರಾ ತುಂಡಿಗೆ ಫಾಂಡೆಂಟ್ ತುಂಬಿ ಕೇಕಿಗಿಳಿಸಿ, ಅದರೊಳಗೆ ತಂತಿ ಸಿಕ್ಕಿಸಿ. ಕ್ರೀಮಿಗೆ ತಾಗುವ ಹಿಂಬದಿಗೆ ಕರಗಿಸಿದ ಬಿಳಿ ಕಾಂಪೌಂಡ್ ಚಾಕೊಲೇಟ್ (ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯದ ಕೊಬ್ಬು ಬಳಸಿದ್ದು) ತೆಳುವಾಗಿ ಸವರಿದರೆ ತೇವಕ್ಕೆ ಅಡ್ಡಗೋಡೆಯಾಗುತ್ತದೆ. ಅಸಲಿ ಚಾಕೊಲೇಟಿನ ಕೋಕೋ ಬೆಣ್ಣೆ 34 ಡಿಗ್ರಿ ಆಸುಪಾಸಿನಲ್ಲೇ ಕರಗುವುದರಿಂದ ನಮ್ಮ ಬೇಸಿಗೆಗೆ ಕಾಂಪೌಂಡ್ ತುಸು ಮೇಲು.

ಫ್ರಿಜ್ ವಿಷಯದಲ್ಲಿ ನಾನು ಹಟಮಾರಿ. ಕೇಕ್ ಒಳಗಿರಲಿ, ಹೂವು ಹೊರಗಿರಲಿ. ತಣ್ಣಗಾದ ಹೂವನ್ನು ಹೊರತೆಗೆದ ಕೂಡಲೇ ಅದರ ಮೇಲೆ ಮಂಜುಹನಿ ಕೂರುತ್ತದೆ. ಕೇಕ್ ಮೇಜಿಗೆ ಬಂದ ನಂತರ, ಮೇಲ್ಮೈಯ ನೀರಹನಿ ಆರಿದ ಮೇಲೆಯೇ ಹೂವು ಏರಿಸಿ.

ಎಸಳು ಬರಿಯ ಹೊಳೆಯುತ್ತಿದ್ದರೆ ಇನ್ನೂ ಕಾಲ ಮಿಂಚಿಲ್ಲ. ಮುಟ್ಟದೆ, ಹೊಸ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಒಂದು ರಾತ್ರಿ ಇಡಿ, ಗಟ್ಟಿತನ ಮರಳುತ್ತದೆ. ಜೋತುಬಿದ್ದ ಎಸಳು ಮಾತ್ರ ಬಾಗಿದಂತೆಯೇ ಗಟ್ಟಿಯಾಗುತ್ತದೆ. ಹಾಗಾಗಿ ಪ್ರತಿ ಆರ್ಡರ್‌ಗೂ ನಾಲ್ಕೈದು ಎಸಳು, ಒಂದೆರಡು ಮೊಗ್ಗು ಹೆಚ್ಚಿಗೆ ಮಾಡಿ ಅದೇ ಡಬ್ಬಿಯಲ್ಲಿ ಜೊತೆಗೆ ಒಯ್ಯುತ್ತೇನೆ.