ಭಾಯ್ ನೇರವಾಗಿ ಕೇಳಿದ್ದರು

ಶಿಡ್ಲಘಟ್ಟದಲ್ಲಿ ನನ್ನದೊಂದು ಸಣ್ಣ ರೇಷ್ಮೆ ರೀಲಿಂಗ್ ಘಟಕ. ಹರಾಜಿನಲ್ಲಿ ಗೂಡು ತರುವುದು, ಬೇಯಿಸಿ ನೂಲು ತೆಗೆಯುವುದು. ಗೂಡಿಗೆ ಹಾಕಿದ ದುಡ್ಡು ನೂಲಿನಲ್ಲಿ ಹುಟ್ಟದೆ ಸಾಲ ಬೆಳೆಯಿತು. ಸಾಯುವ ಯೋಚನೆ ಶುರುವಾಗಿದ್ದು ಆಗಲೇ. ಹಾಗಂತ ಸಾಲ ಒಂದೇ ಕಾರಣ ಅನ್ನಲಾರೆ. ಅರ್ಧ ಸಾಲ ತೀರಿದ ಮೇಲೂ ಅದು ಬಿಡಲಿಲ್ಲ. ನಿದ್ದೆ ಇಲ್ಲ, ಊಟ ಸೇರುತ್ತಿರಲಿಲ್ಲ.

ಪಕ್ಕದ ಘಟಕದ ಭಾಯ್ ಒಂದಿನ ಕೂರಿಸಿಕೊಂಡು ಕೇಳಿದರು, "ಏನಪ್ಪಾ, ಸಾಯೋ ಯೋಚನೆ ಏನಾದ್ರೂ ಬರ್ತಿದೆಯಾ?" ಅಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. "ಹೂಂ ಭಾಯ್" ಅಂದುಬಿಟ್ಟೆ. ಎದೆ ಸ್ವಲ್ಪ ಹಗುರಾಯಿತು. ಅವರು ಬುದ್ಧಿ ಹೇಳಲಿಲ್ಲ. ಹೆಂಡತಿ ಮಕ್ಕಳ ಮುಖ ನೋಡು ಅನ್ನಲೂ ಇಲ್ಲ. ಆ ಮಾತು ಕೇಳಿದರೆ ನನಗೆ ಇನ್ನೂ ಕುಗ್ಗಿದಂತಾಗುತ್ತಿತ್ತು. ಟೀ ತರಿಸಿದರು. ಆಮೇಲೆ ತಮ್ಮ ಫೋನಿಂದಲೇ 14416ಕ್ಕೆ ಹಚ್ಚಿಕೊಟ್ಟರು.

ಅದು ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ. 2022ರಿಂದ ಇದೆ, ದುಡ್ಡಿಲ್ಲ, ರಾತ್ರಿಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಪೊಲೀಸಿಗೆ ಹೇಳುತ್ತಾರೇನೋ ಅಂತ ಹೆದರಿದ್ದೆ, ಸುಮ್ನೆ. ಅಪಾಯ ಅನ್ನಿಸುವ ಯಾವುದನ್ನೂ ಕೈಗೆ ಸಿಗುವ ಹಾಗೆ ಇಡಬೇಡಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ ಅಂದರು. ಸಂಜೆ ಹೆಂಡತಿಗೆ ಹೇಳಿದೆ. ಅತ್ತಳು, "ಇಷ್ಟು ದಿನ ಯಾಕ್ ಬಾಯಿ ಬಿಡ್ಲಿಲ್ಲ?" ಅಂತ ಬೈದಳು. ರಾತ್ರಿಯೇ ಮನೆಯನ್ನೆಲ್ಲ ನೋಡಿ ತೆಗೆಯಬೇಕಾದ್ದನ್ನು ತೆಗೆದಳು.

ಮನೋಚೈತನ್ಯ ಅಂತ ಸರ್ಕಾರದ ಕಾರ್ಯಕ್ರಮವಿದೆ. ಅದರಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಅಲ್ಲೇ ತೋರಿಸಿದೆ. ಮಾತ್ರೆ ಶುರುವಾಯಿತು. ಮೊದಲ ಎರಡು ವಾರ ಬಾಯಿ ಒಣಗಿದ್ದು ಬಿಟ್ಟರೆ ಏನೂ ಗೊತ್ತಾಗಲಿಲ್ಲ, ಬಿಟ್ಟುಬಿಡೋಣ ಅನ್ನಿಸಿತ್ತು. ಕೆಲಸ ಮಾಡೋಕೆ ಕೆಲವು ವಾರ ಬೇಕು, ನೀವಾಗಿ ನಿಲ್ಲಿಸಬೇಡಿ ಅಂತ ಡಾಕ್ಟರು ಮೊದಲೇ ಹೇಳಿದ್ದರಿಂದ ನುಂಗಿದೆ. ಮೂರನೇ ವಾರ ಹೆಂಡತಿಯೇ ಮೊದಲು ಗಮನಿಸಿದ್ದು: ಇನ್ನೊಂದು ಮುದ್ದೆ ಕೇಳಿದ್ದೆನಂತೆ.

ಯೋಚನೆ ಪೂರ್ತಿ ಹೋಗಿಲ್ಲ. ಬೆಳಗಿನ ಜಾವ ಮೂರರ ಹೊತ್ತಿಗೆ ಜಾಸ್ತಿ. ಆದರೆ ಅದು ಏರಿ ಇಳಿಯುತ್ತದೆ ಅಂತ ಈಗ ಗೊತ್ತು. ಆ ಹೊತ್ತಲ್ಲಿ ಸಾಲದ ಲೆಕ್ಕ ತೆಗೆಯುವುದಿಲ್ಲ, ಒಬ್ಬನೇ ಇರುವುದಿಲ್ಲ. ಹೆಂಡತಿಯನ್ನು ಎಬ್ಬಿಸುತ್ತೇನೆ. ಅವಳು ತವರಿಗೆ ಹೋಗಿದ್ದರೆ ಭಾಯ್‌ಗೆ "ಎಳೆ ಕಡೀತಿದೆ" ಅಂತ ಮೆಸೇಜ್. ಇಬ್ಬರೂ ಮಾತಾಡಿಕೊಂಡು ಇಟ್ಟುಕೊಂಡ ಗುರುತು ಅದು. ಅವರೂ ಸಿಗದಿದ್ದರೆ 14416 ಇದ್ದೇ ಇದೆ. ಕಳೆದ ತಿಂಗಳು ಎರಡು ಸಲ ಕಳಿಸಿದೆ. ಎರಡನೇ ಸಲ ಭಾಯ್ ಲುಂಗಿಯಲ್ಲೇ ಸ್ಕೂಟರ್ ಹತ್ತಿ ಬಂದಿದ್ದರು.