ನನಗೆ ಹದಿನಾಲ್ಕನೇ ದಿನ ಅಲ್ಲ, ಇಪ್ಪತ್ತೈದನೇ ದಿನ

ಮಗುವಿಗಾಗಿ ಕಾಯುತ್ತಿದ್ದ ನನಗೆ, ಅಂಡ ಯಾವ ದಿನ ಬಿಡುಗಡೆ ಆಗುತ್ತದೆ ಅಂತ ನೋಡುವ ಐದನೇ ಸ್ಕ್ಯಾನ್ ಮುಗಿಸಿದಾಗ ಡಾಕ್ಟ್ರು ಹೇಳಿದ್ದು ಇಷ್ಟೇ: "ಈ ತಿಂಗಳು ಫಾಲಿಕಲ್ ಬೆಳೀಲಿಲ್ಲಮ್ಮ. ಮುಂದಿನ ತಿಂಗಳು ಮಾತ್ರೆ ಕೊಟ್ಟು ನೋಡೋಣ." ಅವತ್ತು ಮುಟ್ಟಾದ 18ನೇ ದಿನ. ಫಾಲಿಕಲ್ ಅಂದರೆ ಅಂಡ ಬೆಳೆಯುವ ಪುಟ್ಟ ಚೀಲ, ಅದು 11 ಮಿಲಿಮೀಟರ್ ಇತ್ತು. ನಾನು ಶಿವಮೊಗ್ಗದಿಂದ ಸಾಗರಕ್ಕೆ ಬರುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ. ಆದರೆ ಬೆಳಿಗ್ಗೆ ಜ್ವರದ ಕಡ್ಡಿ ಇಡುವುದನ್ನು ಮಾತ್ರ ನಿಲ್ಲಿಸಲಿಲ್ಲ. 27ನೇ ದಿನ ಬೆಳಿಗ್ಗೆ ನೋಡಿದರೆ 97.3 ಇದ್ದದ್ದು 97.8 ಆಗಿತ್ತು. ಮಾರನೇ ದಿನವೂ ಅಷ್ಟೇ, ಅದರ ಮಾರನೇ ದಿನವೂ. ಅಂಡ ಬಿಟ್ಟ ಮೇಲೆ ಮೈಬಿಸಿ ಸ್ವಲ್ಪ ಏರಿ ಹಾಗೇ ನಿಲ್ಲುತ್ತದೆ. ಅಂದರೆ ಅಂಡ ಬಿಡುಗಡೆ ಆಗಿತ್ತು! ನೋಡುವವರು ಒಂದು ವಾರ ಮೊದಲೇ ನೋಡುವುದನ್ನು ಬಿಟ್ಟಿದ್ದರು. ಆ ಸಲ ಮುಟ್ಟಾದದ್ದು 40ನೇ ದಿನ.

ಅದಕ್ಕೂ ಮೊದಲಿನ 14 ತಿಂಗಳು ನಾವು ಕಳೆದುಕೊಂಡದ್ದು ಹೇಗೆ ಅಂತ ಆಗ ಅರ್ಥವಾಯಿತು. ನನ್ನ ತಿಂಗಳು, ಅಂದರೆ ಮುಟ್ಟಿನಿಂದ ಮುಟ್ಟಿಗೆ, 34ರಿಂದ 41 ದಿನ. ಮನೆಯವರು ಬೆಂಗಳೂರಿನಲ್ಲಿ, ನಾನು ಸಾಗರದ ಹತ್ತಿರ ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. 12ರಿಂದ 16ನೇ ದಿನದೊಳಗೆ ಸೇರಬೇಕು ಅಂತ ಎಲ್ಲರೂ ಹೇಳಿದ್ದರು. ಮೊಬೈಲ್ ಆ್ಯಪ್ ಕೂಡ ಹೆಚ್ಚುಕಡಿಮೆ ಅದನ್ನೇ ತೋರಿಸುತ್ತಿತ್ತು. ಹಾಗಾಗಿ ಆ ದಿನಗಳಿಗೇ ರಜೆ, ಆ ದಿನಗಳಿಗೇ ತಾಳಗುಪ್ಪ ರೈಲಿನ ಟಿಕೆಟ್. ಆಮೇಲೆ ರಜೆ ಮುಗಿದು ಅವರು ಎರಡು ವಾರ ಈ ಕಡೆ ಬರುತ್ತಿರಲಿಲ್ಲ. ನನ್ನ ಸರಿಯಾದ ದಿನ ಬರುತ್ತಿದ್ದದ್ದೇ ಆ ಎರಡು ವಾರದಲ್ಲಿ.

ಅಂಡದ ದಿನವನ್ನು ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಬೇಕು ಅಂತ ಜಪಾನಿನ ಒಗಿನೊ, ಆಸ್ಟ್ರಿಯಾದ ಕ್ನಾಸ್ ಇಬ್ಬರು ಡಾಕ್ಟ್ರೂ 1920ರ ದಶಕದಲ್ಲೇ ಹೇಳಿದ್ದರು. ಅಂಡ ಬಿಟ್ಟ ಮೇಲೆ ಮುಟ್ಟಿನವರೆಗಿನ ದಿನಗಳು ಸಾಮಾನ್ಯವಾಗಿ ಒಬ್ಬರಿಗೆ ತಿಂಗಳಿಂದ ತಿಂಗಳಿಗೆ ಹೆಚ್ಚು ಬದಲಾಗುವುದಿಲ್ಲ. ನನಗೆ ಅದು 13 ದಿನ. ಗರ್ಭ ನಿಲ್ಲುವ ಮೊದಲು ಆರು ತಿಂಗಳು ಬರೆದೆ, ಒಂದು ತಿಂಗಳು ಮಾತ್ರ 12 ಬಂತು. ಅಂದರೆ ನನ್ನ ಅಂಡ 21ರಿಂದ 28ನೇ ದಿನದೊಳಗೆ ಯಾವಾಗ ಬೇಕಾದರೂ ಬರಬಹುದು. ಇಷ್ಟು ದೊಡ್ಡ ಅಂತರ ಇದ್ದರೆ ಕ್ಯಾಲೆಂಡರ್ ಕೆಲಸಕ್ಕೆ ಬರುವುದಿಲ್ಲ, ಅಲ್ವಾ?

ದಿನವೂ ಮೈಬಿಸಿ ಬರೆದು ಗೆರೆ ಎಳೆಯುತ್ತಿದ್ದ ನನ್ನ ಪಟ್ಟಿ ಕಂಡರೆ ಅತ್ತೆಗೆ ಆಗುತ್ತಿರಲಿಲ್ಲ. "ಪಟ್ಟಿ ಬರೆದ್ರೆ ಮಕ್ಕಳಾಗ್ತವೇನೆ?" ಅಂತ ಕೇಳುತ್ತಿದ್ದರು. ಹರಕೆ ಹೊತ್ತರು, ನಾನೂ ಭಕ್ತಿಯಿಂದಲೇ ಜೊತೆಗೆ ಹೋದೆ. ಆದರೆ ಪಟ್ಟಿ ಬಿಡಲಿಲ್ಲ.

ಥರ್ಮಾಮೀಟರ್ ವಿಷಯದಲ್ಲಿ ನಾನು ಮಾಡಿದ ತಪ್ಪು ಒಂದೆರಡಲ್ಲ. ಮೊದಲು ತಂದದ್ದು ಔಷಧಿ ಅಂಗಡಿಯ ಮಾಮೂಲಿ ಕಡ್ಡಿ, 200 ರೂಪಾಯಿ ಆಸುಪಾಸು. ಒಂದೇ ನಿಮಿಷದಲ್ಲಿ ಎರಡು ಸಲ ಇಟ್ಟರೆ ಎರಡು ಲೆಕ್ಕ. ಕಂಕುಳಲ್ಲಿ ಇಟ್ಟು ನೋಡಿದೆ. ಹತ್ತು ದಿನ ಕಂಕುಳು ಮತ್ತು ನಾಲಿಗೆ ಕೆಳಗೆ ಎರಡೂ ಕಡೆ ಇಟ್ಟು ಹೋಲಿಸಿದೆ. ಕಂಕುಳಿನ ಲೆಕ್ಕ ಏರುಪೇರು ಜಾಸ್ತಿ, ಅದನ್ನು ಬಿಟ್ಟೆ. ಆಮೇಲೆ ಎರಡು ದಶಮಾಂಶ ತೋರಿಸುವುದನ್ನು ತರಿಸಿದೆ, ಸುಮಾರು 600 ಕೊಟ್ಟ ನೆನಪು. ಆದರೂ ಗೆರೆ ನೇರ ಬರಲಿಲ್ಲ. ಕಾರಣ ಹಾಲಿನವನು! ಐದೂವರೆಗೆ ಎದ್ದು ಹಾಲು ತೆಗೆದುಕೊಂಡು ಬಂದು ಮತ್ತೆ ಮಲಗಿ ಕಡ್ಡಿ ಇಡುತ್ತಿದ್ದೆ. ಎದ್ದು ನಡೆದ ಮೇಲೆ ಆ ಲೆಕ್ಕಕ್ಕೆ ಬೆಲೆಯಿಲ್ಲ. ಕಡ್ಡಿಯನ್ನು ದಿಂಬಿನ ಕೆಳಗೆ ಇಟ್ಟು, ಐದು ಇಪ್ಪತ್ತಕ್ಕೆ ಅಲಾರಾಂ ಇಟ್ಟು, ಕಣ್ಣು ಬಿಟ್ಟ ಕೂಡಲೇ ಬಾಯಿಗೆ ಹಾಕಲು ಶುರು ಮಾಡಿದ ಮೇಲೆ ಗೆರೆ ಸರಿಹೋಯಿತು. ರಾತ್ರಿಯೆಲ್ಲ ಯಕ್ಷಗಾನ ನೋಡಿ ಬಂದ ದಿನ, ನೆಗಡಿ ಬಂದ ದಿನ, ಮದುವೆ ಮನೆಯಲ್ಲಿ ಮಲಗಿದ ದಿನಗಳ ಲೆಕ್ಕವನ್ನು ಸುತ್ತು ಹಾಕಿ ಬಿಟ್ಟುಬಿಡುತ್ತಿದ್ದೆ.

ಆದರೆ ಕಡ್ಡಿ ಹೇಳುವುದು ಎಲ್ಲ ಮುಗಿದ ಮೇಲೆ. ಬಿಸಿ ಏರಿದ್ದನ್ನು ನೋಡಿ ಗಂಡನನ್ನು ಕರೆದರೆ ತಡವಾಯಿತು ಅಂತಲೇ ಅರ್ಥ. ಅಮೆರಿಕದಲ್ಲಿ 221 ಹೆಂಗಸರನ್ನು ಗಮನಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಅದರಲ್ಲಿ ಗರ್ಭ ನಿಂತದ್ದೆಲ್ಲ ಅಂಡ ಬಿಡುವ ದಿನ ಮತ್ತು ಅದಕ್ಕೂ ಹಿಂದಿನ ಐದು ದಿನಗಳಲ್ಲಿ ಸೇರಿದವರಿಗೆ. ಮರುದಿನ ಸೇರಿದರೆ ಇಲ್ಲ.

ಹಾಗಾಗಿ ಅಂಡ ಬರುವ ಸ್ವಲ್ಪ ಮೊದಲು ಮೂತ್ರದಲ್ಲಿ ಏರುವ ಹಾರ್ಮೋನನ್ನು ಎರಡನೇ ಗೆರೆಯಾಗಿ ತೋರಿಸುವ ಸ್ಟ್ರಿಪ್‌ಗೆ ಹೋದೆ. ಐದು ಸ್ಟ್ರಿಪ್‌ನ ಡಬ್ಬಿ ಆಗ 400-500 ಇತ್ತು. 12ನೇ ದಿನ ಶುರು ಮಾಡಿದರೆ 16ಕ್ಕೆ ಮುಗಿದೇ ಹೋಗುತ್ತಿತ್ತು, ಎರಡನೇ ಗೆರೆ ಕಾಣುತ್ತಲೇ ಇರಲಿಲ್ಲ. ಎರಡು ಡಬ್ಬಿ, ಮೂರು ಡಬ್ಬಿ ಅಂತ ಸುಮ್ನೆ ಎರಡು ಸಾವಿರ ಹೋಯಿತು. ಆಮೇಲೆ 50ರ ಬಿಡಿ ಸ್ಟ್ರಿಪ್ ತರಿಸಿದೆ, ಒಂದಕ್ಕೆ 20 ರೂಪಾಯಿ ಬಿತ್ತು. ಬೆಳಗಿನ ಮೊದಲ ಮೂತ್ರದಲ್ಲಿ ನನಗೆ ಯಾವತ್ತೂ ಸರಿ ಬರಲಿಲ್ಲ. ಶಾಲೆಯಿಂದ ಬಂದು ಸಂಜೆ ನಾಲ್ಕೂವರೆಗೆ, ಎರಡು ಗಂಟೆ ಏನೂ ಕುಡಿಯದೆ ನೋಡಿದರೆ ಬರುತ್ತಿತ್ತು. ಬೇಸಿಗೆಯಲ್ಲಿ ಮಜ್ಜಿಗೆ ಜಾಸ್ತಿ ಕುಡಿದ ದಿನ ಗೆರೆ ಮಸುಕು. ಅದು ನಿಜವಾ ಅಂತ ಒಂದು ಸಲ ಮೂರು ಸ್ಟ್ರಿಪ್ ಹಾಳು ಮಾಡಿ ಪರೀಕ್ಷೆ ಮಾಡಿದೆ. ಒಂದೇ ಮೂತ್ರ, ಒಂದಕ್ಕೆ ಹಾಗೇ, ಒಂದಕ್ಕೆ ಅರ್ಧ ನೀರು, ಇನ್ನೊಂದಕ್ಕೆ ಮುಕ್ಕಾಲು ನೀರು. ಮೂರನೆಯದರಲ್ಲಿ ಗೆರೆ ಇದೆಯೋ ಇಲ್ಲವೋ ಅನ್ನುವಷ್ಟು ಮಸುಕಾಗಿತ್ತು.

ಸ್ಟ್ರಿಪ್ ನನಗೆ ಮೋಸವನ್ನೂ ಮಾಡಿದೆ. ನನಗೆ ಸ್ವಲ್ಪ ಪಿಸಿಓಡಿ, ಅಂದರೆ ಅಂಡಾಶಯದಲ್ಲಿ ಸಣ್ಣ ಗುಳ್ಳೆಗಳಿರುವ ತೊಂದರೆ, ಇದೆ ಅಂತ ಸ್ಕ್ಯಾನ್‌ನಲ್ಲಿ ಬಂದಿತ್ತು. ಒಂದು ತಿಂಗಳು 19ನೇ ದಿನ ಗೆರೆ ಗಾಢವಾಗಿ ಬಂತು. ಮನೆಯವರು ರಾತ್ರೋರಾತ್ರಿ ಬಸ್ಸು ಹತ್ತಿ ಬಂದರು. ಬಿಸಿ ಏರಲೇ ಇಲ್ಲ. ಅವರು ವಾಪಸು ಹೋದರು. 26ಕ್ಕೆ ಮತ್ತೆ ಗಾಢ ಗೆರೆ, 28ಕ್ಕೆ ಬಿಸಿ ಏರಿತು. ದೇಹ ಒಮ್ಮೆ ಪ್ರಯತ್ನಪಟ್ಟು ಬಿಟ್ಟು, ಮತ್ತೆ ಪ್ರಯತ್ನಪಟ್ಟಿತ್ತು. ಪಿಸಿಓಡಿ ಇರುವವರು ಸ್ಟ್ರಿಪ್ ಒಂದನ್ನೇ ನಂಬಬೇಡಿ.

ಕೊನೆಗೆ ಕೆಲಸಕ್ಕೆ ಬಂದದ್ದು ದುಡ್ಡೇ ಖರ್ಚಾಗದ ಗುರುತು, ಯೋನಿಯಿಂದ ಬರುವ ಲೋಳೆ. ಮೊಟ್ಟೆಯ ಬಿಳಿ ಭಾಗದ ಹಾಗೆ ಇರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಮನೆಯಲ್ಲಿ ಮೊಟ್ಟೆ ತರುವುದಿಲ್ಲ, ನನಗೆ ಆ ಹೋಲಿಕೆ ಹೊಳೆಯಲಿಲ್ಲ. ತಲೆಗೆ ಹಚ್ಚಲು ದಾಸವಾಳದ ಎಲೆ ಕಿವುಚಿ ಗೊಂಪು ಮಾಡುತ್ತೇವಲ್ಲ, ಥೇಟ್ ಹಾಗೆ. ಎರಡು ಬೆರಳ ನಡುವೆ ಎಳೆದರೆ ದಾರದ ಹಾಗೆ ಹಿಗ್ಗಬೇಕು, ತುಂಡಾಗಬಾರದು. ಅಂಟಂಟಾಗಿ ಮೊಸರಿನ ಹಾಗಿದ್ದರೆ ಇನ್ನೂ ದಿನ ಇದೆ. ತುರಿಕೆ, ವಾಸನೆ ಇದ್ದರೆ ಅದು ಬೇರೆ, ಡಾಕ್ಟರಿಗೆ ತೋರಿಸಿ. ನನಗೆ ಗೊಂಪು ಶುರುವಾಗಿ ನಾಲ್ಕು ದಿನಕ್ಕೆ ಅಂಡ ಬರುತ್ತದೆ, ಹೆಚ್ಚೆಂದರೆ ಐದು. ಸ್ಟ್ರಿಪ್ ಕೊಡುವುದು ಒಂದು, ಒಂದೂವರೆ ದಿನದ ಸಮಯ. ದೂರದಲ್ಲಿ ಗಂಡ ಇರುವವಳಿಗೆ ಅದು ಸಾಲದು. ಗೊಂಪು ಬಂದ ಸಂಜೆ ಫೋನು ಮಾಡಿದರೆ ಬೆಳಿಗ್ಗೆ ಅವರು ಮನೆಯಲ್ಲಿ. ಹಳೆಯ ಪಟ್ಟಿಯಿಂದ ಗೊಂಪಿನ ದಿನವನ್ನೂ ಮೊದಲೇ ಊಹಿಸುವ ಲೆಕ್ಕ ಒಂದನ್ನು ಮಾಡಿಕೊಂಡಿದ್ದೆ, ಅದು ನನ್ನ ದೇಹಕ್ಕೆ ಹೊಂದಿದ ಲೆಕ್ಕ, ಇಲ್ಲಿ ಬರೆಯುವುದಿಲ್ಲ. ವಾರದ ಮಧ್ಯೆ ಯಾಕೆ ಬಂದೆ ಅಂತ ಕೇಳಿದ ಅತ್ತೆಗೆ ಏನು ನೆಪ ಹೇಳಿದೆವು ಅನ್ನುವುದೂ ನಮ್ಮಿಬ್ಬರಲ್ಲೇ ಇರಲಿ.

ಇನ್ನೊಬ್ಬ ಡಾಕ್ಟ್ರ ಹತ್ತಿರ ಪಟ್ಟಿ ತೆಗೆದುಕೊಂಡು ಹೋದೆ. ಅವರು ಪುಟ ತಿರುಗಿಸಿ ನೋಡಿ, "ಹಾಗಾದ್ರೆ 23ಕ್ಕೇ ಬನ್ನಿ" ಅಂದರು. 23ಕ್ಕೆ 18 ಮಿಲಿಮೀಟರ್, 25ಕ್ಕೆ 21 ಇತ್ತು, 26ಕ್ಕೆ ಒಡೆದಿತ್ತು. ಮೂರೇ ಸ್ಕ್ಯಾನ್, 1,200 ರೂಪಾಯಿ. ಅಂಡ ಬಿಟ್ಟ ಮೇಲೆ ರಕ್ತದಲ್ಲಿ ಏರುವ ಹಾರ್ಮೋನು ಪ್ರೊಜೆಸ್ಟರಾನ್, ಅದರ ಪರೀಕ್ಷೆಯದ್ದೂ ಇದೇ ಕತೆ. ಮೊದಲು 21ನೇ ದಿನ ಮಾಡಿಸಿದಾಗ 0.6 ಬಂದು, ಅಂಡವೇ ಬರುತ್ತಿಲ್ಲ ಅಂದಿದ್ದರು. ಈಗ ಬಿಸಿ ಏರಿ ಏಳನೇ ದಿನ ಕೊಟ್ಟರೆ 11 ಚಿಲ್ಲರೆ! ಎರಡೂ ರಿಪೋರ್ಟನ್ನು ಪಟ್ಟಿಯಲ್ಲಿ ಅಕ್ಕಪಕ್ಕ ಅಂಟಿಸಿದೆ. ಮನೆಯವರ ವೀರ್ಯ ಪರೀಕ್ಷೆಯನ್ನೂ, ನನ್ನ ಥೈರಾಯ್ಡನ್ನೂ ಇವರೇ ಮಾಡಿಸಿದರು, ಎರಡೂ ಸರಿ ಇತ್ತು. ಇದನ್ನು ಮೊದಲೇ ಮಾಡಿಸಬೇಕಿತ್ತು. ಅಲ್ಲಿ ತೊಂದರೆ ಇದ್ದಿದ್ದರೆ ದಿನ ಎಷ್ಟು ಸರಿ ಹಿಡಿದರೂ ಆಗುತ್ತಿರಲಿಲ್ಲ.

ಮನೆಯವರ ಮನಸ್ಸಿನ ಮಾತೂ ಹೇಳಬೇಕು. ಸ್ಟ್ರಿಪ್ ಫೋಟೋ ಕಳಿಸಿ ಕರೆಯುತ್ತಿದ್ದಾಗ ಅವರು ಬರುವಷ್ಟರಲ್ಲೇ ಒತ್ತಡದಲ್ಲಿರುತ್ತಿದ್ದರು. ಎರಡು ಸಲ ಬಂದೂ ಏನೂ ಆಗಲಿಲ್ಲ. ಆಮೇಲೆ ಫೋಟೋ ಕಳಿಸುವುದು ಬಿಟ್ಟೆ. "ಬನ್ನಿ" ಅಂತಷ್ಟೇ ಹೇಳುತ್ತಿದ್ದೆ. ಲೆಕ್ಕ ನನ್ನದು, ಅವರಿಗೆ ಅದರ ಸುದ್ದಿ ಬೇಡ. ದಿನವೂ ಬೇಡ, ದಿನ ಬಿಟ್ಟು ದಿನ ಸಾಕು. ಕಾಲನ್ನು ಗೋಡೆಗೆ ಎತ್ತಿಟ್ಟು ಅರ್ಧ ಗಂಟೆ ಮಲಗುವುದನ್ನೂ ತಿಂಗಳುಗಟ್ಟಲೆ ಮಾಡಿದ್ದೆ. ಗರ್ಭ ನಿಂತ ತಿಂಗಳು ಅದನ್ನು ಮಾಡಿರಲಿಲ್ಲ.

ಅದು ಪಟ್ಟಿಯ ಏಳನೇ ತಿಂಗಳು. 21ನೇ ದಿನ ಸಂಜೆ ಗೊಂಪು ಕಂಡಿತು, ಫೋನು ಮಾಡಿದೆ. 22ಕ್ಕೆ ಬಂದರು. 22, 24, 25ರ ರಾತ್ರಿ ಸೇರಿದೆವು. 24ರ ಸಂಜೆ ಸ್ಟ್ರಿಪ್ ಗಾಢ, 26ಕ್ಕೆ ಬಿಸಿ ಏರಿತು. ಏರಿದ್ದು ಇಳಿಯಲಿಲ್ಲ. ಹದಿನಾಲ್ಕು ದಿನ, ಹದಿನಾರು ದಿನ. ಹದಿನೆಂಟನೇ ದಿನ ಬೆಳಿಗ್ಗೆಯೂ 98ರ ಮೇಲೇ ಇತ್ತು. ಆಗ ಪ್ರೆಗ್ನೆನ್ಸಿ ಕಿಟ್ ತಂದೆ. ಎರಡು ಗೆರೆ ಕಾಣಲು ಒಂದು ನಿಮಿಷವೂ ಬೇಕಾಗಲಿಲ್ಲ. ಪಟ್ಟಿಯನ್ನು ಬೈಯುತ್ತಿದ್ದ ಅತ್ತೆಯೇ ಅದನ್ನು ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿದರು.

ಒಟ್ಟು ಖರ್ಚು ನೆನಪಿದ್ದಷ್ಟು ಕೂಡಿದರೆ 25 ಸಾವಿರ ದಾಟುತ್ತದೆ. ಅರ್ಧಕ್ಕಿಂತ ಜಾಸ್ತಿ ಬಸ್ಸು, ರೈಲಿಗೇ ಹೋದದ್ದು. ನನ್ನ ಶಿವಮೊಗ್ಗದ ಓಡಾಟಕ್ಕೂ ಟಿಕೆಟ್ ತೆಗೆಯಬೇಕಿತ್ತು, ಆಗಿನ್ನೂ ಶಕ್ತಿ ಯೋಜನೆ ಬಂದಿರಲಿಲ್ಲ.

ಮಗಳಿಗೆ ಈಗ ಎರಡು ವರ್ಷ ದಾಟಿದೆ. ನಮ್ಮ ಶಾಲೆಯ ಇನ್ನೊಬ್ಬ ಟೀಚರ್ ಪಟ್ಟಿ ಕೇಳಿ ತೆಗೆದುಕೊಂಡು ಹೋಗಿ ತಮ್ಮದೂ ಬರೆಯಲು ಶುರು ಮಾಡಿದ್ದಾರೆ. ಅವರ ತಿಂಗಳು 26 ದಿನ, ಗೊಂಪು 9ಕ್ಕೇ ಬರುತ್ತಿದೆ. ನನ್ನ ತಿಂಗಳೂ ಹೆರಿಗೆಯ ನಂತರ 31ಕ್ಕೆ ಇಳಿದಿದೆ. ಹಾಗಾಗಿ ಹಳೆಯ ಲೆಕ್ಕವೆಲ್ಲ ಬಿಟ್ಟು ಹೊಸ ಪಟ್ಟಿ ತಂದಿದ್ದೇನೆ. ಎರಡನೆಯದಕ್ಕೆ ಯುಗಾದಿ ಕಳೆದ ಮೇಲೆ ಶುರು ಮಾಡುತ್ತೇವೆ. ಥರ್ಮಾಮೀಟರಿನ ಸೆಲ್ ಬದಲಿಸಿ ದಿಂಬಿನ ಕೆಳಗೆ ಇಟ್ಟಿದ್ದೇನೆ.