12345654321ನ್ನು ಪೆನ್ನು, ಕಾಗದದಲ್ಲೇ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾಗಿ ಬಿಡಿಸುವುದು ಹೇಗೆ?

ದೊಡ್ಡ ಸಂಖ್ಯೆ ಕಂಡ ಕೂಡಲೇ ಮೊಬೈಲ್ ತೆಗೆಯಬೇಡಿ. ಅಂಕಿಗಳನ್ನೇ ಸ್ವಲ್ಪ ಹೊತ್ತು ನೋಡಿ, ಅರ್ಧ ಗುಟ್ಟು ಅಲ್ಲೇ ಸಿಗುತ್ತದೆ. ಈ 1234 ಕೋಟಿ 56 ಲಕ್ಷ 54 ಸಾವಿರದ 321 ನಮಗೆ ಹೊಸದೂ ಅಲ್ಲ: ರಾಷ್ಟ್ರಕೂಟರ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು ಸುಮಾರು ಕ್ರಿ.ಶ. 850ರಲ್ಲೇ, ತಮ್ಮ ‘ಗಣಿತಸಾರಸಂಗ್ರಹ’ದಲ್ಲಿ, ಒಂದರಿಂದ ಆರರವರೆಗೆ ಏರಿ ಮತ್ತೆ ಕ್ರಮವಾಗಿ ಇಳಿಯುವ ಸಂಖ್ಯೆ ಅಂತ ಇದನ್ನು ಬಣ್ಣಿಸಿದ್ದಾರೆ. ನನಗಂತೂ ಇದು ತುಂಬಾ ಹೆಮ್ಮೆಯ ವಿಷಯ.

ಮೊದಲು ಸುಲಭದ್ದು. ಕೊನೆಯ ಅಂಕಿ 1, ಹಾಗಾಗಿ 2, 5 ಎರಡನ್ನೂ ಬಿಟ್ಟುಬಿಡಿ. ಅಂಕಿಗಳ ಮೊತ್ತ 36. ಅಂದರೆ 9ರಿಂದ ಭಾಗ ಹೋಗುತ್ತದೆ.

ಈಗ 7, 11, 13. ಇವನ್ನು ಒಂದೊಂದಾಗಿ ನೋಡಬೇಕಿಲ್ಲ, ಯಾಕೆಂದರೆ ಮೂರನ್ನೂ ಗುಣಿಸಿದರೆ 1001. ಕೋಟಿ, ಲಕ್ಷದ ಅಲ್ಪವಿರಾಮ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಬಲಗಡೆಯಿಂದ ಮೂರು ಮೂರು ಅಂಕಿಗಳಾಗಿ ಕತ್ತರಿಸಿ: 12 | 345 | 654 | 321. ಬಲದಿಂದ ಶುರುಮಾಡಿ ಒಂದು ಕೂಡಿ, ಒಂದು ಕಳೆಯಿರಿ. 321 − 654 + 345 − 12 = 0. ಸೊನ್ನೆ ಬಂತು, ಅಂದರೆ 1001ರಿಂದ ಪೂರ್ತಿ ಭಾಗ ಹೋಗುತ್ತದೆ. 1000 ಅನ್ನೋದು 1001ಕ್ಕಿಂತ ಒಂದೇ ಒಂದು ಕಡಿಮೆ ಅಲ್ವಾ, ಅದಕ್ಕೇ ಪ್ರತಿ ಮೂರು ಅಂಕಿ ದಾಟಿದಾಗ ಚಿಹ್ನೆ ಬದಲಾಗುತ್ತದೆ.

ಭಾಗಿಸಿದರೆ 12333321. ತಾಳೆ ನೋಡುವುದೂ ಸುಲಭ: 12333321000ಕ್ಕೆ 12333321 ಕೂಡಿದರೆ ಮೊದಲಿನ ಸಂಖ್ಯೆಯೇ ಬರುತ್ತದೆ. ಇದನ್ನು 9ರಿಂದ ಭಾಗಿಸಿ, 1370369. ಇಲ್ಲಿಗೇ ನಿಲ್ಲಿಸಬೇಡಿ, ಮತ್ತೆ ಕತ್ತರಿಸಿ: 369 − 370 + 1, ಮತ್ತೆ ಸೊನ್ನೆ! ಇನ್ನೊಂದು ಸಲ 1001ರಿಂದ ಭಾಗಿಸಿದರೆ ಉಳಿಯುವುದು 1369, ಅಂದರೆ 37ರ ವರ್ಗ.

ಎಲ್ಲ ಒಟ್ಟಿಗೆ ಬರೆಯಿರಿ: 3² × 7² × 11² × 13² × 37². ಎಲ್ಲದರ ಮೇಲೂ 2 ಇದೆ ನೋಡಿ, ಹಾಗಾಗಿ ಇದೊಂದು ಪೂರ್ಣ ವರ್ಗ. ವರ್ಗಮೂಲ 3 × 7 × 11 × 13 × 37, ಅಂದರೆ 111111.

ಇನ್ನು ಇದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಎಷ್ಟು? ಒಂದೊಂದು ಅವಿಭಾಜ್ಯವನ್ನೂ ಸೊನ್ನೆ, ಒಂದು ಅಥವಾ ಎರಡು ಸಲ ತೆಗೆದುಕೊಳ್ಳಬಹುದು. ಮೂರು ದಾರಿ, ಐದು ಅವಿಭಾಜ್ಯಗಳು: 3 × 3 × 3 × 3 × 3 = 243. ಇದು ಬೆಸ ಸಂಖ್ಯೆ. ಭಾಜಕಗಳು ಸಾಮಾನ್ಯವಾಗಿ ಜೋಡಿಯಾಗಿ ಬರುತ್ತವೆ, ಆದರೆ 111111ಕ್ಕೆ ಜೋಡಿ ಅದೇ.

ಸೊನ್ನೆ ಬರದಿದ್ದರೂ ಈ ವಿಧಾನ ಉಪಯೋಗಕ್ಕೆ ಬರುತ್ತದೆ. 1234321 ತೆಗೆದುಕೊಳ್ಳಿ: 321 − 234 + 1 = 88. ಇದು 11ರಿಂದ ಭಾಗ ಹೋಗುತ್ತದೆ, 7, 13ರಿಂದ ಹೋಗುವುದಿಲ್ಲ. ಮೂಲ ಸಂಖ್ಯೆಯೂ ಅಷ್ಟೇ. ಇದರ ವರ್ಗಮೂಲ 1111, ಅಂದರೆ 11 × 101. ಹಾಗಾದರೆ ಭಾಜಕಗಳೆಷ್ಟು, ನೀವೇ ಎಣಿಸಿ ನೋಡಿ.